ಡೆಲ್ಫೀನಳಿಗೆ ಮಕ್ಕಳೆಷ್ಟು?

ಡೆಲ್ಫೀನ್ ರಕರ್ ಹೆಸರು ನಮ್ಮ ಡೇಟನ್ ಊರಿನ ಪತ್ರಿಕೆಯಲ್ಲಿ ಬಂದದ್ದು ಒಂದೇ ಸಲ, ಅದೂ ಪೊಲೀಸ್ ಸುದ್ದಿಗಳ ಮೂಲೆಯಲ್ಲಿ. ಈಗ ಅವಳು ಊರಿನ ಪಶ್ಚಿಮದ ಕಡೆಯ ಒಂದು ಬೇಕರಿಯಲ್ಲಿ ಹಿಟ್ಟು ನಾದುತ್ತಾಳೆ, ಭಾನುವಾರ ಚರ್ಚಿನ ಹಿಂದಿನ ಸಾಲಿನಲ್ಲಿ ಕೂತು ಶ್ರುತಿ ಬಿಟ್ಟು ಹಾಡುತ್ತಾಳೆ, ನಲ್ಲಿ ಸೋರಿದಾಗೆಲ್ಲ ಮನೆಯೊಡೆಯನನ್ನು ಬೈಯುತ್ತಾಳೆ. ಇಂಥವರ ಚರಿತ್ರೆಯನ್ನು ಯಾರೂ ಬರೆಯುವುದಿಲ್ಲ. ದೊಡ್ಡವರ ಚರಿತ್ರೆ ಬರೆಯಲು ಬೇಕಾದಷ್ಟು ಜನ ಇದ್ದಾರೆ, ನನಗೆ ಆ ಗೊಡವೆ ಬೇಡ. ಇವಳದ್ದನ್ನು ಬರೆಯುತ್ತೇನೆ.

ನನ್ನ ಹೆಸರು ಕೊರೀನ್. ಲಿಂಡನ್ ಬೀದಿಯ ಮನೆಯಲ್ಲಿ ಬಾಗಿಲು ಕಾಯುವವಳು, ಫೋನ್ ಎತ್ತುವವಳು, ಒಲೆಯ ಹತ್ತಿರ ಇಬ್ಬರು ಹೆಂಗಸರು ಸೌಟು ಎತ್ತಿಕೊಂಡರೆ ನಡುವೆ ನಿಲ್ಲುವವಳು ಎಲ್ಲ ನಾನೇ. ಜೈಲಿನಿಂದ ಬಿಡುಗಡೆಯಾದ ತಾಯಂದಿರು ತಮ್ಮ ಸಣ್ಣ ಮಕ್ಕಳನ್ನು ಜೊತೆಗಿಟ್ಟುಕೊಂಡು, ಕೆಲಸ ಹಿಡಿದು, ಮತ್ತೆ ಊರಿನ ಬದುಕಿಗೆ ಹೊಂದಿಕೊಳ್ಳುವವರೆಗೆ ಉಳಿಯಲಿ ಎಂದು ಮಾಡಿದ ಮನೆ ಅದು. ನಾನೂ ಒಂದು ಕಾಲಕ್ಕೆ ಅದೇ ಬಾಗಿಲಿನಿಂದ ಒಳಗೆ ಬಂದವಳು. ಒಳಗೆ ಬಂದ ಕೊರೀನ್ ಹೊರಗೆ ಹೋಗುವುದನ್ನು ಮರೆತಳು ಎಂದು ನಮ್ಮವರು ಹಂಗಿಸುತ್ತಾರೆ. ಹಂಗಿಸಲಿ, ಸಂಬಳ ಬರುತ್ತದೆ.

ನಮ್ಮಲ್ಲಿಗೆ ಸೇರುವುದು ಸುಲಭವಲ್ಲ. ಸ್ವರ್ಗಕ್ಕೆ ಹೋಗಲು ಪಾಪ ಒಪ್ಪಿಕೊಂಡರೆ ಸಾಕು, ಲಿಂಡನ್ ಬೀದಿಗೆ ಬರಲು ಒಪ್ಪಿಕೊಂಡದ್ದಕ್ಕೆ ಸಾಕ್ಷಿಯೂ ಬೇಕು ಎಂದು ಜೈಲಿನಲ್ಲಿ ಹೆಂಗಸರು ಆಡಿಕೊಳ್ಳುತ್ತಾರೆ. ಕುಡಿತ, ಅಮಲಿನ ಪುಡಿ, ಮಾತ್ರೆ ಎಲ್ಲ ಬಿಟ್ಟಿರಬೇಕು, ಬಿಟ್ಟದ್ದು ಮೂತ್ರದ ಪರೀಕ್ಷೆಯಲ್ಲಿ ಕಾಣಬೇಕು. ಕ್ಷಯ ಇಲ್ಲವೆಂದು ಡಾಕ್ಟರು ಬರೆದುಕೊಡಬೇಕು. ಬೆಂಕಿ ಇಟ್ಟ ಕೇಸಿನವರಿಗೆ ಜಾಗವಿಲ್ಲ, ಏಕೆಂದರೆ ನಮ್ಮದು ಮರದ ಮನೆ, ವಿಮೆಯವರು ಒಪ್ಪುವುದಿಲ್ಲ. ಮಕ್ಕಳಿಗೆ ಹೊಡೆದು ಬಡಿದು ಒಳಗೆ ಹೋದವರಿಗೆ ಇಲ್ಲವೇ ಇಲ್ಲ. ಮಗುವಿಗೆ ಹತ್ತು ವರ್ಷ ದಾಟಿರಬಾರದು, ಕೋಣೆಗಳು ಅಷ್ಟು ಸಣ್ಣವು. ಮಗುವನ್ನು ಸರ್ಕಾರ ಸಾಕು ಮನೆಗೆ, ಅಂದರೆ ಬೇರೆ ಸಂಸಾರಕ್ಕೆ ಸಾಕಲು ಕೊಟ್ಟಿದ್ದರೆ, ಅದನ್ನು ತಾಯಿಗೆ ಒಪ್ಪಿಸಲು ಮಕ್ಕಳ ಇಲಾಖೆಯವರು ಸಿದ್ಧರಿದ್ದಾರೆ ಎಂಬುದು ಮೊದಲೇ ಗೊತ್ತಾಗಬೇಕು. ಮಗುವೇ ಇಲ್ಲದವಳು ಸಾಕ್ಷಾತ್ ದೇವತೆಯಾಗಿದ್ದರೂ ಬೇರೆ ಬಾಗಿಲು ನೋಡಿಕೊಳ್ಳಬೇಕು.

ಇವೆಲ್ಲ ಕಾಗದದ ಮೇಲಿರುವ ನಿಯಮಗಳು. ಇವುಗಳ ಮೇಲೆ ಮಿಸ್ ಅರ್ನೆಟಾ ತಾವೇ ಇಟ್ಟುಕೊಂಡ ನಿಯಮ ಎರಡಿದ್ದವು. ಮಿಸ್ ಅರ್ನೆಟಾ ಗೇದರ್ ನಮ್ಮ ಮನೆಯ ಯಜಮಾನಿ, ಶಾಲೆಯ ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾದವರು. ಈಗಲೂ ಅವರು ಕೋಣೆಯೊಳಗೆ ಬಂದರೆ ಬಾಯಲ್ಲಿದ್ದ ಚೂಯಿಂಗ್ ಗಮ್ ನುಂಗಬೇಕು ಅನ್ನಿಸುತ್ತದೆ. ಸಂದರ್ಶನದಲ್ಲಿ ಒಂದು ಸುಳ್ಳು ಸಿಕ್ಕರೆ ಬಾಗಿಲು ಮುಚ್ಚಿತು, ಇದು ಅವರ ಮೊದಲನೆಯ ನಿಯಮ. ಜೈಲಿನ ಒಳಗಿನ ಸಂಬಂಧಗಳನ್ನು ಜೈಲಿನಲ್ಲೇ ಬಿಟ್ಟು ಬರಬೇಕು, ಪತ್ರ ಇಲ್ಲ, ಫೋನ್ ಇಲ್ಲ, ಇದು ಎರಡನೆಯದು. ಇವು ಹಟಕ್ಕೆ ಹುಟ್ಟಿದ ನಿಯಮಗಳಲ್ಲ. ಹಿಂದೊಮ್ಮೆ ನಮ್ಮಲ್ಲಿದ್ದ ಒಬ್ಬಳು ತನಗೆ ಒಳಗೆ ಯಾರೂ ಗೆಳತಿಯರಿಲ್ಲ ಎಂದು ಹೇಳಿ ಸೇರಿಕೊಂಡಿದ್ದಳು. ಬಿಡುಗಡೆಯಾದ ಅವಳ ಜೈಲಿನ 'ತಂಗಿ' ನೋಡಲು ಬಂದಳು, ಬರುವಾಗ ಕೈಚೀಲದಲ್ಲಿ ಅಮಲಿನ ಪುಡಿಯ ಪೊಟ್ಟಣ ತಂದಳು. ಆ ಪೊಟ್ಟಣ ಬೇರೆ ಯಾರದೋ ಎರಡು ವರ್ಷದ ಮಗುವಿನ ಬಾಯಿಗೆ ಹೋಯಿತು. ಮಗು ಬದುಕಿತು. ಆಂಬುಲೆನ್ಸಿನಲ್ಲಿ ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು ಹೋದವರು ಮಿಸ್ ಅರ್ನೆಟಾ.

ಇನ್ನು ಡೆಲ್ಫೀನಳ ವಿಷಯ. ಅವಳ ಅಪ್ಪ ಕಾರಿನ ಬ್ರೇಕು ಮಾಡುವ ಕಾರ್ಖಾನೆಯಲ್ಲಿದ್ದ. ಕಾರ್ಖಾನೆ ಮುಚ್ಚಿದಾಗ ದಕ್ಷಿಣದ ಕಡೆ ಕೆಲಸ ಹುಡುಕಿಕೊಂಡು ಹೋದವನು ಅಲ್ಲಿಯೇ ಉಳಿದ. ತಾಯಿ ಬೇಗ ತೀರಿಕೊಂಡಳು. ಸಾಕಿದವಳು ಅಜ್ಜಿ, ಬಾಯಿ ಜೋರು, ಕೈ ಧಾರಾಳ. ಓದು ತಲೆಗೆ ಹತ್ತದೆ ಡೆಲ್ಫೀನ್ ವೃದ್ಧರನ್ನು ನೋಡಿಕೊಳ್ಳುವ ಒಂದು ಆರೈಕೆ ಮನೆಯಲ್ಲಿ ಕೆಲಸಕ್ಕೆ ಸೇರಿದಳು. ಭಾರದ ಮುದುಕರನ್ನು ಎತ್ತಿ ಎತ್ತಿ ಸೊಂಟ ಹಿಡಿದುಕೊಂಡಿತು. ಡಾಕ್ಟರು ನೋವಿನ ಮಾತ್ರೆ ಬರೆದುಕೊಟ್ಟರು, ಆಮೇಲೆ ಬರೆಯುವುದನ್ನು ನಿಲ್ಲಿಸಿದರು. ಇವಳಿಗೆ ನಿಲ್ಲಿಸಲು ಆಗಲಿಲ್ಲ. ಒಬ್ಬ ಅಜ್ಜನ ಡಬ್ಬಿಯಿಂದ ಒಂದಿಷ್ಟು, ಒಬ್ಬ ಅಜ್ಜಿಯ ಡಬ್ಬಿಯಿಂದ ಒಂದಿಷ್ಟು ಎತ್ತತೊಡಗಿದಳು. ಈ ಮಾತು ಬಂದಾಗ ಅಯ್ಯೋ ಪಾಪ ಎನ್ನುವವರಿದ್ದಾರೆ. ನಾನು ಅನ್ನುವುದಿಲ್ಲ. ರಾತ್ರಿಯೆಲ್ಲ ನರಳುವ ಮುದುಕಿಯ ಮಾತ್ರೆ ಕದ್ದವಳು ಕಳ್ಳಿಯೇ. ಡೆಲ್ಫೀನ್ ಕೂಡ ಹಾಗೆಯೇ ಹೇಳುತ್ತಾಳೆ, ಅದಕ್ಕೇ ನನಗೆ ಅವಳನ್ನು ಕಂಡರೆ ಇಷ್ಟ.

ಸಿಕ್ಕಿಬಿದ್ದು ಅವಳು ಜೈಲಿನ ಒಳಗೆ ಹೋದಾಗ ಮಗಳು ನೈಲಾ ಗೋಡೆ ಹಿಡಿದು ನಡೆಯುತ್ತಿದ್ದಳು. ಮಗುವಿನ ತಂದೆ ಯಾರು ಎಂದು ಕೇಳಿದರೆ ಡೆಲ್ಫೀನ್ ಮಾತು ಬದಲಿಸುತ್ತಾಳೆ, ನಾವೂ ಕೇಳುವುದಿಲ್ಲ. ಮಗುವನ್ನು ಅಜ್ಜಿ ಇಟ್ಟುಕೊಂಡಳು. ಎರಡನೆಯ ಚಳಿಗಾಲದಲ್ಲಿ ಅಜ್ಜಿ ಸತ್ತಳು. ಮಕ್ಕಳ ಇಲಾಖೆಯವರು ನೈಲಾಳನ್ನು ಊರಾಚೆಯ ಒಂದು ಸಾಕು ಮನೆಗೆ ಕೊಟ್ಟರು. ಗಂಡ ಬ್ಯಾಂಕಿನಲ್ಲಿದ್ದ, ಹೆಂಡತಿ ಪಿಯಾನೋ ಕಲಿಸುತ್ತಿದ್ದಳು, ಮಕ್ಕಳಿರಲಿಲ್ಲ. ಒಳ್ಳೆಯ ಜನ, ಅದೇ ತೊಂದರೆ. ಕೆಟ್ಟವರಾಗಿದ್ದರೆ ದೂರು ಕೊಡಬಹುದಿತ್ತು. ಒಳ್ಳೆಯವರಾದದ್ದರಿಂದ ಮಗುವನ್ನು ದತ್ತು ತೆಗೆದುಕೊಳ್ಳುತ್ತೇವೆ ಎಂದು ಕೇಳಿದರು. ಮಗು ವರ್ಷಗಟ್ಟಲೆ ಅತ್ತಲೂ ಇಲ್ಲ ಇತ್ತಲೂ ಇಲ್ಲ ಎಂಬಂತಿರಲು ನಮ್ಮಲ್ಲಿ ಕಾನೂನು ಬಿಡುವುದಿಲ್ಲ. ನ್ಯಾಯಾಧೀಶರು ಡೆಲ್ಫೀನಳಿಗೆ ಒಂದೇ ಒಂದು ಅವಕಾಶ ಕೊಟ್ಟರು. ಬಿಡುಗಡೆಯ ಹೊತ್ತಿಗೆ ಮಗುವಿನ ಜೊತೆ ಇರಲು ಯೋಗ್ಯವಾದ, ಮೇಲೆ ಯಾರಾದರೂ ಕಣ್ಣಿಟ್ಟಿರುವ ಜಾಗವಿದ್ದರೆ ಮಗು ಅವಳದು. ಇಲ್ಲದಿದ್ದರೆ ದತ್ತು.

ಊರಿನಲ್ಲಿ ಹೆಂಗಸರಿಗೆ ಜಾಗ ಕೊಡುವ ಮನೆಗಳು ಇನ್ನೂ ಇದ್ದವು. ಅವು ಮಕ್ಕಳನ್ನು ಸೇರಿಸುತ್ತಿರಲಿಲ್ಲ. ಹೀಗಾಗಿ ಲಿಂಡನ್ ಬೀದಿ ಸಿಕ್ಕರೆ ಮಗಳು ಸಿಕ್ಕಂತೆ, ಇಲ್ಲದಿದ್ದರೆ ಇಲ್ಲ.

ಒಳಗಿನ ಒಂದು ಪದ್ಧತಿಯನ್ನು ಇಲ್ಲಿ ಹೇಳಲೇಬೇಕು. ಹೆಂಗಸರ ಜೈಲಿನಲ್ಲಿ ಯಾರೂ ಒಂಟಿಯಾಗಿ ಬಾಳುವುದಿಲ್ಲ, ಸಂಸಾರ ಕಟ್ಟಿಕೊಳ್ಳುತ್ತಾರೆ. ವಯಸ್ಸಾದವಳು ಅಜ್ಜಿ, ಸ್ವಲ್ಪ ಗಟ್ಟಿಯಾದವಳು ಅಮ್ಮ, ಹೊಸದಾಗಿ ಬಂದು ಹೊದಿಕೆಯೊಳಗೆ ಅಳುವವಳು ಮಗಳು. ಅಮ್ಮನಾದವಳು ಮಗಳ ತಲೆಗೂದಲು ತೊಳೆದು ಹೆಣೆಯಬೇಕು, ಜೈಲಿನ ಅಂಗಡಿಯಾದ ಕ್ಯಾಂಟೀನು ತೆರೆಯುವ ದಿನ ಕೊಂಡು ತಂದದ್ದರಲ್ಲಿ ಪಾಲು ಕೊಡಬೇಕು, ಯಾರಾದರೂ ಮೈಮೇಲೆ ಬಂದರೆ ಮುಂದೆ ನಿಲ್ಲಬೇಕು. ಮಗಳಾದವಳು ಹೇಳಿದ ಮಾತು ಕೇಳಬೇಕು. ಕಾಗದ ಪತ್ರ ಯಾವುದೂ ಇಲ್ಲ. ಒಂದು ಬಟ್ಟಲಿನಲ್ಲಿ ನೂಡಲ್ಸ್ ನೆನೆಸಿ, ಮೇಲೆ ಚಿಪ್ಸ್ ಪುಡಿ ಮಾಡಿ ಹಾಕಿ, ಇಬ್ಬರೂ ಒಂದೇ ಚಮಚದಲ್ಲಿ ತಿಂದರೆ ಸಂಬಂಧ ಆಯಿತು. ಹೊರಗಿನವರಿಗೆ ಇದು ಹೆಣ್ಣುಮಕ್ಕಳ ಅಡುಗೆ ಆಟದ ಹಾಗೆ ಕಾಣುತ್ತದೆ. ಹೆತ್ತವರ ಮನೆಯಲ್ಲಿ ಇಷ್ಟೂ ಕಾಣದವರಿಗೆ ಅದು ಆಟವಲ್ಲ. ಒಳಗೆ ಯಾರಾದರೂ ನಿನಗೆ ಮಕ್ಕಳೆಷ್ಟು ಎಂದು ಕೇಳಿದರೆ ಎರಡೂ ಬಗೆಯವರನ್ನು ಸೇರಿಸಿಯೇ ಹೇಳುವುದು ರೂಢಿ. ಸೇರಿಸದಿದ್ದರೆ ಆ ಮಗಳನ್ನು ಬೀದಿಗೆ ಹಾಕಿದಂತೆ.

ಡೆಲ್ಫೀನಳ ಜೈಲಿನ ಮಗಳ ಹೆಸರು ರೊಶಾಂಡ. ಯಂಗ್ಸ್‌ಟೌನಿನ ಕಡೆಯ ಹುಡುಗಿ, ಸಾಕು ಮನೆಯಿಂದ ಸಾಕು ಮನೆಗೆ ತಿರುಗಿ ಬೆಳೆದವಳು, ಗೆಳೆಯನ ದರೋಡೆಗೆ ಕಾರು ಓಡಿಸಿ ಉದ್ದದ ಶಿಕ್ಷೆ ಹೊತ್ತುಕೊಂಡು ಬಂದವಳು. ಬಂದ ಹೊಸದರಲ್ಲಿ ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳಂತೆ. ಡೆಲ್ಫೀನ್ ಒಂದು ದಿನ ಅವಳನ್ನು ಎಬ್ಬಿಸಿ ಕೂರಿಸಿ, ಜಡೆಗಟ್ಟಿದ ಕೂದಲನ್ನು ಬಿಡಿಸಲು ಹಿಡಿದಳು. ಬಿಡಿಸಿ ಮುಗಿಯುವುದಕ್ಕೆ ಇಡೀ ಮಧ್ಯಾಹ್ನ ಬೇಕಾಯಿತು. ಆಮೇಲೆ ಹುಡುಗಿ ಇವಳ ಬೆನ್ನು ಬಿಡಲಿಲ್ಲ. ಶಾಲೆಯ ಪರೀಕ್ಷೆ ಕಟ್ಟು ಎಂದು ಡೆಲ್ಫೀನ್ ಅವಳ ಹಿಂದೆ ಬಿದ್ದಳು. ಭಿನ್ನರಾಶಿಯ ಲೆಕ್ಕ ಮುಗಿಸದಿದ್ದರೆ ಸಿಹಿ ಬನ್ನು ಕೊಡುತ್ತಿರಲಿಲ್ಲ. ಡೆಲ್ಫೀನಳಿಗೇ ಭಿನ್ನರಾಶಿ ಬರುತ್ತಿರಲಿಲ್ಲ, ಉತ್ತರ ಸರಿಯೋ ತಪ್ಪೋ ಎಂದು ಹುಡುಗಿಯ ಮುಖ ನೋಡಿ ಹೇಳುತ್ತಿದ್ದಳು. ರೊಶಾಂಡ ಪಾಸಾದಳು.

ಸಂದರ್ಶನಕ್ಕೆ ನಾನೂ ಮಿಸ್ ಅರ್ನೆಟಾ ಅವರೂ ಮನೆಯ ವ್ಯಾನಿನಲ್ಲಿ ಹೊರಟಾಗ ಹೊಲಗಳಲ್ಲಿ ಜೋಳದ ಮೋಟುಗಳ ಮೇಲೆ ಹಿಮ ಬಿದ್ದಿತ್ತು. ಜೈಲಿನ ಭೇಟಿಯ ಕೋಣೆಯಲ್ಲಿ ಅಂದು ಜನ ಇರಲಿಲ್ಲ. ಒಂದು ಮೂಲೆಯ ಮೇಜಿನಲ್ಲಿ ಕಾವಲಿನವಳು ಕೂತಿದ್ದಳು. ಬೂದು ಬಟ್ಟೆಯ ಒಬ್ಬಳು ತೆಳ್ಳನೆಯ ಹುಡುಗಿ ಬಕೆಟ್ಟು ತಳ್ಳಿಕೊಂಡು ನೆಲ ಒರೆಸುತ್ತಿದ್ದಳು. ಅವಳೇ ರೊಶಾಂಡ ಎಂದು ನನಗೆ ಆಗ ತಿಳಿದಿರಲಿಲ್ಲ. ಡೆಲ್ಫೀನ್ ಬಂದು ಎದುರಿಗೆ ಕೂತಳು. ಅಂಗಿಗೆ ಇಸ್ತ್ರಿ ಇಲ್ಲದಿದ್ದರೂ ಹಾಸಿಗೆಯ ಕೆಳಗೆ ಮಡಿಸಿಟ್ಟು ಗೆರೆ ಬರಿಸಿಕೊಂಡಿದ್ದಳು. ಕೂದಲನ್ನು ಯಾರೋ ಬಹಳ ಅಕ್ಕರೆಯಿಂದ, ಒಂದು ಎಳೆ ಹೊರಗೆ ಬಾರದ ಹಾಗೆ ಹೆಣೆದಿದ್ದರು.

ಮೊದಲಿನದೆಲ್ಲ ಚೆನ್ನಾಗಿ ಹೋಯಿತು. ಮಾತ್ರೆ ಕದ್ದೆಯಾ ಎಂದರೆ ಕದ್ದೆ ಎಂದಳು, ಎಷ್ಟು ದಿನ ಎಂದರೆ ಸಿಕ್ಕಿಬೀಳುವವರೆಗೆ ಎಂದಳು. ಬೆಳಿಗ್ಗೆ ಬೇಗ ಏಳುತ್ತೀಯಾ, ಸಂಬಳದಲ್ಲಿ ಒಂದು ಪಾಲು ಕೂಡಿಡುತ್ತೀಯಾ, ಮಗುವಿಗೆ ಕೈ ಎತ್ತದೆ ಬುದ್ಧಿ ಹೇಳುವುದನ್ನು ಕಲಿಯುತ್ತೀಯಾ ಎಂದು ಒಂದೊಂದಾಗಿ ಕೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರಿಸಿದಳು. ಕೊನೆಕೊನೆಗೆ ಮಿಸ್ ಅರ್ನೆಟಾ ಅವರ ಧ್ವನಿ ಸಡಿಲವಾಗಿತ್ತು. ನಾನು ಮನಸ್ಸಿನಲ್ಲೇ ಮೇಲಂತಸ್ತಿನ ಹಿಂದಿನ ಕೋಣೆಯನ್ನು ಇವಳಿಗೆ ಗೊತ್ತು ಮಾಡಿದ್ದೆ. ಆಗ ಅವರು ತಲೆ ಎತ್ತದೆ, ಬರಿಯ ವಾಡಿಕೆಗೆಂದು ಕೇಳಿದರು.

"ಮಕ್ಕಳೆಷ್ಟಮ್ಮ ನಿಂಗೆ?"

"ಇಬ್ರು" ಎಂದಳು ಡೆಲ್ಫೀನ್.

ಯೋಚಿಸಿ ಹೇಳಿದ ಮಾತಲ್ಲ ಅದು. ವರ್ಷಗಳಿಂದ ಹೇಳಿ ಹೇಳಿ ನಾಲಿಗೆಗೆ ರೂಢಿಯಾಗಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಎರಡು ಮೇಜು ಆಚೆ ನೆಲ ಒರೆಸುವ ಸದ್ದು ನಿಂತಿತು. ತಿರುಗಿ ನೋಡಿದರೆ ಆ ಹುಡುಗಿ ಕೋಲಿನ ಮೇಲೆ ಎರಡೂ ಕೈ ಇಟ್ಟು ನಿಂತಿದ್ದಳು. ಹಬ್ಬದ ದಿನ ಯಾರೋ ಹೆಸರು ಹಿಡಿದು ಕರೆದಂಥ ಮುಖ. ಹೊರಗಿನವರ ಎದುರು ತನ್ನನ್ನು ಲೆಕ್ಕಕ್ಕೆ ತೆಗೆದುಕೊಂಡದ್ದನ್ನು ಅವಳು ಅದೇ ಮೊದಲು ಕೇಳಿರಬೇಕು. ಅವಳು ಯಾರೆಂದು ನನಗೆ ಗೊತ್ತಾದದ್ದು ಆ ಮುಖ ನೋಡಿ.

ಮಿಸ್ ಅರ್ನೆಟಾ ತಲೆ ಎತ್ತಿದರು. "ಇಬ್ರಾ? ಇಲಾಖೆಯೋರು ಒಬ್ಳೇ ಅಂದ್ರಲ್ಲ. ನೈಲಾ, ಐದು ವರ್ಷ. ಇನ್ನೊಬ್ರು ಯಾರು?"

ಡೆಲ್ಫೀನಳಿಗೆ ತಾನು ಏನು ಹೇಳಿದೆ ಎಂದು ಆಗ ಹೊಳೆಯಿತು. ಆದರೆ ಹುಡುಗಿ ಕೇಳುತ್ತ ನಿಂತಿದ್ದಾಳೆ. "ರೊಶಾಂಡ ಅಂತ" ಎಂದಳು.

"ವಯಸ್ಸು?"

"ಇಪ್ಪತ್ನಾಲ್ಕು."

"ನಿಂಗೆ?"

"ಮೂವತ್ಮೂರು, ಮಿಸ್ ಅರ್ನೆಟಾ."

ಮಿಸ್ ಅರ್ನೆಟಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಶಾಲೆಯಲ್ಲಿ ಹಾಗೆ ಮಾಡಿದಾಗ ಮಕ್ಕಳು ಚಡ್ಡಿ ಒದ್ದೆ ಮಾಡಿಕೊಳ್ಳುತ್ತಿದ್ದರಂತೆ. ಒಂಬತ್ತನೆಯ ವಯಸ್ಸಿಗೆ ಹೆತ್ತೆಯಾ ಎಂದು ತಣ್ಣಗೆ ಕೇಳಿದರು. ನಾನು ನಡುವೆ ಬಾಯಿ ಹಾಕಿ, ಒಳಗೆ ಹೀಗೊಂದು ಪದ್ಧತಿ ಇದೆ ಎಂದು ಹೇಳಲು ಹೋದೆ.

"ಗೊತ್ತು ಕೊರೀನ್. ಇಲ್ಲಿ ಎಲ್ರೂ ಎಲ್ರಿಗೂ ಅಮ್ಮ, ಅಕ್ಕ, ಅತ್ತೆ. ಆ ನೆಂಟಸ್ತನ ನಮ್ಮನೆ ಮೆಟ್ಟಿಲು ಹತ್ತಿ ಬಂದಾಗ ಏನಾಯ್ತು ಅನ್ನೋದೂ ನಂಗೆ ಗೊತ್ತು. ಸುಮ್ನಿರು." ಮತ್ತೆ ಡೆಲ್ಫೀನಳ ಕಡೆ ತಿರುಗಿದರು. "ನೋಡಮ್ಮ, ಇಲ್ಲಿಯೋರನ್ನ ಇಲ್ಲೇ ಬಿಟ್ಟು ಬರೋಳಿಗೆ ಮಾತ್ರ ನಮ್ಮಲ್ಲಿ ಜಾಗ. ಇನ್ನೊಂದ್ಸಲ ಕೇಳ್ತೀನಿ, ಆಮೇಲೆ ಕೇಳಲ್ಲ. ನಿಂಗೆ ಮಕ್ಕಳೆಷ್ಟು?"

ಒಬ್ಬಳು ಎಂದುಬಿಟ್ಟರೆ ಮುಗಿಯುತ್ತಿತ್ತು. ಹೆತ್ತ ಮಗಳು ಒಂದು ಮಾತಿನ ದೂರದಲ್ಲಿದ್ದಳು. ಆ ಮಾತು ಆಡಿದರೆ ಎರಡು ಮೇಜಿನ ಆಚೆ ನಿಂತವಳ ಕತ್ತು ಹಿಸುಕಿದಂತೆ. ಡೆಲ್ಫೀನ್ ಬಾಯಿ ತೆರೆದಳು, ಮುಚ್ಚಿದಳು. ಹೇಳೇ ಮಾರಾಯ್ತಿ, ಒಬ್ಬಳು ಅನ್ನು, ಆ ಹುಡುಗಿ ಹೇಗೋ ತಡೆದುಕೊಳ್ಳುತ್ತಾಳೆ ಎಂದು ಒಳಗೇ ಅಂದುಕೊಂಡೆ. ಹೇಳಬೇಡ ಎಂದೂ ಅಂದುಕೊಂಡೆ.

ಬಕೆಟ್ಟಿನ ಗಾಲಿ ಕಿರುಗುಟ್ಟಿತು. ರೊಶಾಂಡ ಅದನ್ನು ತಳ್ಳಿಕೊಂಡು ನೇರ ನಮ್ಮ ಮೇಜಿಗೆ ಬಂದಳು. ಕಾವಲಿನವಳು ಎದ್ದು ನಿಂತು, ಏಯ್, ನಿನ್ನ ಕೆಲಸ ನೋಡು ಎಂದಳು. ರೊಶಾಂಡ ಅವಳ ಕಡೆ ನೋಡಲಿಲ್ಲ.

"ಮೇಡಂ, ಇವಳ ಮಾತು ಕಟ್ಕೋಬೇಡಿ. ನಾನೇ ರೊಶಾಂಡ. ನಂಗೆ ಅಮ್ಮ ಗಿಮ್ಮ ಯಾರೂ ಇಲ್ಲ. ಇವಳ ಹತ್ರ ಕ್ಯಾಂಟೀನ್ ಕಾಸಿತ್ತು, ನಂಗೆ ಹಸಿವಿತ್ತು. ಎರಡು ಸಲ ಅಮ್ಮಾ ಅಂದ್ರೆ ಒಂದು ನೂಡಲ್ಸ್ ಬರೋದು. ಪೆದ್ದಿ, ನಿಜ ಅಂತ ನಂಬ್ಕೊಂಡ್ಳು." ನಕ್ಕಳು. ನಗು ಚೆನ್ನಾಗಿಯೇ ಬಂತು. "ಅವಳಿಗಿರೋದು ಒಂದೇ ಮಗು. ಬರ್ಕೊಳ್ಳಿ."

ಅಷ್ಟು ಹೇಳಿ ಹಿಂದಿರುಗಿ ಹೋಗಿ, ಒರೆಸಿದ ಜಾಗವನ್ನೇ ಮತ್ತೆ ಒರೆಸತೊಡಗಿದಳು.

ಅದು ಸುಳ್ಳು ಎಂದು ನನಗೆ ಅಲ್ಲೇ ಗೊತ್ತಾಯಿತು. ನೂಡಲ್ಸಿಗಾಗಿ ಅಮ್ಮ ಅನ್ನುವವಳು ಅಮ್ಮನ ತಲೆಯನ್ನು ಅಷ್ಟು ಚೆನ್ನಾಗಿ ಹೆಣೆಯುವುದಿಲ್ಲ. ಆಮೇಲೆ ಡೆಲ್ಫೀನಳಿಂದ ತಿಳಿದದ್ದೆಂದರೆ, ಆ ಕೊನೆಯ ವರ್ಷ ಅವಳ ಸೊಂಟ ನೋವು ಹೆಚ್ಚಾಗಿ ಜೈಲಿನ ಅಡುಗೆ ಮನೆಯ ಕೆಲಸವೂ ಅದರ ಕಾಸೂ ತಪ್ಪಿಹೋಗಿದ್ದವು. ಆಗ ಬೇರೆ ಹೆಂಗಸರ ಕೂದಲು ಹೆಣೆದು, ಬದಲಿಗೆ ತಿಂಡಿ ತಂದು, ಇಬ್ಬರ ಹೊಟ್ಟೆ ತುಂಬಿಸುತ್ತಿದ್ದವಳು ರೊಶಾಂಡಳೇ.

"ನಿಜವಾ ಇದು?" ಎಂದು ಮಿಸ್ ಅರ್ನೆಟಾ ಕೇಳಿದರು.

ಡೆಲ್ಫೀನ್ ಹುಡುಗಿಯ ಬೆನ್ನನ್ನು ನೋಡಿದಳು. ಆ ಬೆನ್ನು ತಿರುಗಲಿಲ್ಲ. "ಒಬ್ಳೇ, ಮಿಸ್ ಅರ್ನೆಟಾ. ನಂಗೆ ಒಬ್ಳೇ ಮಗಳು" ಎಂದಳು.

ಇಂಥದ್ದನ್ನು ನೋಡಿ ನನಗೆ ಅಳು ಬರುವುದಿಲ್ಲ, ಕೋಪ ಬರುತ್ತದೆ. ಅಂದು ಕೋಪವೇ ಬಂತು. ಮಿಸ್ ಅರ್ನೆಟಾ ಕನ್ನಡಕ ಹಾಕಿಕೊಂಡು, ಒಳಗಿನವರ ಕೈಗೆ ಸಿಕ್ಕಿಕೊಂಡ ಮೆತ್ತನೆಯ ಹೆಂಗಸು ಇವಳು, ಹೊರಗೆ ಬಂದರೆ ಸರಿಹೋದಾಳು ಎಂಬಂಥ ಎರಡು ಮಾತು ಹೇಳಿ, ಜಾಗ ಕೊಟ್ಟಿದ್ದೇವೆ ಎಂದರು. ಡೆಲ್ಫೀನ್ ಕೈಮೇಲೆ ಮುಖವಿಟ್ಟು ಅತ್ತಳು. ಸಂತೋಷಕ್ಕೆ ಅಳುತ್ತಿದ್ದಾಳೆ ಎಂದುಕೊಂಡ ಮಿಸ್ ಅರ್ನೆಟಾ ಅವಳ ಭುಜ ತಟ್ಟಿದರು.

ಅವರು ಕೋಟು ಹಾಕಿಕೊಂಡು ಮುಂದೆ ಬಾಗಿಲಿಗೆ ಹೋದರು. ನಾನು ಹಿಂದೆ ಬರುತ್ತಿದ್ದೆ. ನೆಲ ಇನ್ನೂ ಹಸಿಯಾಗಿತ್ತು. ನಾನು ದಾಟಲೆಂದು ರೊಶಾಂಡ ಕೋಲನ್ನು ಪಕ್ಕಕ್ಕೆ ಹಿಡಿದು, ನನ್ನ ಮುಖ ನೋಡದೆ, ತುಟಿ ಹೆಚ್ಚು ಅಲ್ಲಾಡಿಸದೆ ಹೇಳಿದಳು.

"ನೈಲಾಗೆ ಮೊಟ್ಟೆ ಆಗಲ್ಲ. ಮೈಯೆಲ್ಲ ದದ್ದು ಏಳುತ್ತೆ. ಅಡುಗೆಯೋರಿಗೆ ಹೇಳ್ಬಿಡಿ."

ಹೇಳುತ್ತೇನೆ ಎಂದೆ. ವ್ಯಾನಿನಲ್ಲಿ ಊರು ಸೇರುವವರೆಗೂ ಮಿಸ್ ಅರ್ನೆಟಾ ಹಿಮ ಕರಗಲೆಂದು ರಸ್ತೆಗೆ ಸುರಿಯುವ ಉಪ್ಪು ವ್ಯಾನಿನ ತಗಡನ್ನು ಹೇಗೆ ತಿನ್ನುತ್ತದೆ ಎಂಬುದರ ಬಗ್ಗೆ ಮಾತಾಡಿದರು. ನಾನು ಹೂಂ ಎನ್ನುತ್ತಿದ್ದೆ. ನನಗೆ ಗೊತ್ತಿದ್ದದ್ದನ್ನು ಹೇಳಿದರೆ ಕೋಣೆ ಹೋಗುತ್ತಿತ್ತು, ಮಗುವೂ ಹೋಗುತ್ತಿತ್ತು. ಬಾಯಿ ಬಿಟ್ಟರೆ ಬಣ್ಣಗೇಡು. ಸಂಜೆ ಅಡುಗೆಯವಳಿಗೆ ಮೊಟ್ಟೆಯ ವಿಷಯ ಹೇಳಿದೆ, ಯಾರು ಹೇಳಿದರೆಂದು ಅವಳು ಕೇಳಲಿಲ್ಲ.

ಡೆಲ್ಫೀನ್ ಬಂದಾಗ ಹಿಮ ಕರಗುತ್ತಿತ್ತು. ಮೊದಲಿಗೆ ತಾಯಿ ಬರಬೇಕು, ಅವಳು ಹೇಗಿದ್ದಾಳೆಂದು ಕೆಲವು ವಾರ ನೋಡಿ ಆಮೇಲೆ ಮಗು. ಮಗು ಬಂದ ಮೇಲೂ ಬೇಸಿಗೆ ಮುಗಿಯುವವರೆಗೆ ಪರೀಕ್ಷೆಯ ಕಾಲವೇ. ಅಷ್ಟರೊಳಗೆ ನಮ್ಮ ಮನೆಯಲ್ಲಿ ಜಾಗ ತಪ್ಪಿದರೆ ಮಗು ಬಂದ ಕಾರಿನಲ್ಲೇ ವಾಪಸ್ಸು, ಆಮೇಲೆ ಪಿಯಾನೋ ಮನೆಯವರ ದತ್ತು. ಇದನ್ನು ನಾನು ಅವಳಿಗೆ ಬಿಡಿಸಿ ಹೇಳಿದೆ. ಅವಳು ಎಲ್ಲವನ್ನೂ ಸರಿಯಾಗಿ ಮಾಡಿದಳು. ಬಾಗಿಲ ಮುಂದೆ ಯಾರಾದರೂ ತೆರೆಯಲಿ ಎಂದು ನಿಂತುಬಿಡುವ ಜೈಲಿನ ಚಾಳಿಯೊಂದು ಬಿಟ್ಟಿರಲಿಲ್ಲ. ನಾವು ನಕ್ಕು, ಹಿಡಿಕೆ ತಿರುಗಿಸೇ ಮಹಾರಾಣಿ ಎನ್ನುತ್ತಿದ್ದೆವು. ಬೇಕರಿಯಲ್ಲಿ ಕೆಲಸ ಸಿಕ್ಕಿತು. ಒಮ್ಮೆ ಮಾತ್ರ, ಬಟ್ಟೆ ಮಡಿಸುವಾಗ, ರೊಶಾಂಡಳಿಗೆ ಒಂದು ಸಾಲು ಬರೆಯಬಹುದೇ ಎಂದು ಕೇಳಿದಳು. ಆಗುವುದಿಲ್ಲ ಎಂದೆ. ಸರಿ ಎಂದು ಮಡಿಸಿದ ಟವೆಲನ್ನೇ ಬಿಡಿಸಿ ಮತ್ತೆ ಮಡಿಸಿದಳು. ಮಾರನೆಯ ದಿನವೂ ಆ ಮಾತು ಎತ್ತಲಿಲ್ಲ.

ನೈಲಾ ಬಂದದ್ದು ಒಂದು ಶನಿವಾರ ಬೆಳಿಗ್ಗೆ. ಡೆಲ್ಫೀನ್ ನಸುಕಿನಿಂದಲೇ ಮುಂಬಾಗಿಲ ಜಗಲಿಯ ಮೇಲೆ ನಿಂತಿದ್ದಳು. ಮಿಸ್ ಅರ್ನೆಟಾ ಮಗು ಬರುವ ದಿನಕ್ಕೆಂದೇ ಇಟ್ಟುಕೊಂಡ ನೀಲಿ ಟೋಪಿ ಹಾಕಿಕೊಂಡು ಅವಳ ಪಕ್ಕದಲ್ಲಿ ನಿಂತರು. ಇಲಾಖೆಯ ಮಕ್ಕಳು ಬಹಳ ಸಲ ಕಸದ ಚೀಲದಲ್ಲಿ ಬಟ್ಟೆ ತುಂಬಿಕೊಂಡು ಬರುತ್ತವೆ. ಈ ಮಗುವಿನ ಕೈಯಲ್ಲಿ ಚಕ್ರವಿದ್ದ ಪುಟ್ಟ ಸೂಟ್‌ಕೇಸ್ ಇತ್ತು, ಒಳಗೆ ಎಲ್ಲವನ್ನೂ ಇಸ್ತ್ರಿ ಮಾಡಿ ಇಟ್ಟಿದ್ದರು. ಒಳ್ಳೆಯ ಜನ ಎಂದೆನಲ್ಲ. ಮಗುವನ್ನು ಕರೆತಂದ ಇಲಾಖೆಯ ಹುಡುಗಿ ಕಾರಿನ ಬಾಗಿಲು ತೆಗೆದು ಅದನ್ನು ಇಳಿಸಿದಳು. ನೈಲಾ ಮೆಟ್ಟಿಲ ಕೆಳಗೆ ನಿಂತು ತಾಯಿಯನ್ನು ನೋಡಿದಳು, ತಾಯಿ ಇವಳನ್ನು. ಇಬ್ಬರಿಗೂ ನಾಚಿಕೆ. ಡೆಲ್ಫೀನ್ 'ಬಾ' ಎಂದು ಕೈ ಚಾಚಿದಳು.

ಮಗು ಬರಲಿಲ್ಲ. ನನ್ನನ್ನು ನೋಡಿತು, ಮಿಸ್ ಅರ್ನೆಟಾ ಅವರನ್ನು ನೋಡಿತು, ನಮ್ಮ ಹಿಂದಿನ ಬಾಗಿಲಿನಲ್ಲಿ ಇಣುಕಿ ನೋಡಿತು.

"ಅಕ್ಕ ಎಲ್ಲಿ?" ಎಂದಿತು.

ಯಾವ ಅಕ್ಕ ಎಂದು ಇಲಾಖೆಯ ಹುಡುಗಿ ನಗುತ್ತ ಕೇಳಿದಳು.

"ಫೋನಲ್ಲಿ ಮೊಲದ ಕತೆ ಹೇಳ್ತಾಳಲ್ಲ, ಆ ಅಕ್ಕ. ಶಾಂಡ ಅಕ್ಕ. ಅವಳೂ ಇರ್ತಾಳೆ ಅನ್ಕೊಂಡೆ ನಾನು."

ಜೈಲಿನಿಂದ ಸಾಕು ಮನೆಗೆ ಡೆಲ್ಫೀನ್ ವಾರಕ್ಕೊಮ್ಮೆ ಮಾಡುತ್ತಿದ್ದ ಫೋನಿನಲ್ಲಿ ತಾಯಿಯ ಮಾತು ಮುಗಿದ ಮೇಲೆ ಕತೆ ಹೇಳುತ್ತಿದ್ದವಳು ಯಾರೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮಿಸ್ ಅರ್ನೆಟಾ ಡೆಲ್ಫೀನಳ ಕಡೆ ತಿರುಗಿದರು. ಅವರ ಮುಖದಲ್ಲಿ ಸಂದರ್ಶನದ ಆ ದಿನ ಪೂರ್ತಿಯಾಗಿ ಹಿಂದಿರುಗಿ ಬಂದದ್ದು ಕಾಣುತ್ತಿತ್ತು. ಇಲಾಖೆಯ ಹುಡುಗಿ ಪಕ್ಕದಲ್ಲೇ ಇದ್ದಳು, ಕಾರಿನ ಎಂಜಿನ್ ಕೂಡ ಆರಿರಲಿಲ್ಲ. ಯಾರೋ ಜೊತೆಯವಳು, ತಮಾಷೆಗೆ ಮಾತಾಡುತ್ತಿದ್ದಳು, ಮರೆತುಬಿಡು ಮಗಳೇ ಎಂದರೆ ಸಾಕಿತ್ತು. ಐದು ವರ್ಷದ ಮಗು, ಮರೆಯುತ್ತಿತ್ತು. ನಾನು ಡೆಲ್ಫೀನಳಿಗೆ ಕಣ್ಣಲ್ಲೇ ಅದನ್ನು ಹೇಳಲು ನೋಡಿದೆ.

ಡೆಲ್ಫೀನ್ ನನ್ನ ಕಡೆ ನೋಡಲಿಲ್ಲ. ಮೆಟ್ಟಿಲು ಇಳಿದು ಹೋಗಿ ಮಗುವಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತಳು.

"ಅಕ್ಕನ್ನ ಇನ್ನೂ ಬಿಟ್ಟಿಲ್ಲ ಕಂದಾ. ಬಿಟ್ಟ ತಕ್ಷಣ ನಮ್ಮ ಹತ್ರಾನೇ ಬರ್ತಾಳೆ" ಎಂದಳು. ಆಮೇಲೆ ಎದ್ದು ನಿಂತು, ಮಿಸ್ ಅರ್ನೆಟಾ ಅವರನ್ನು ನೇರವಾಗಿ ನೋಡಿದಳು. "ಅವತ್ತು ಆ ಹುಡುಗಿ ಹೇಳಿದ್ದು ಸುಳ್ಳು. ನಾನು ಹೇಳಿದ್ದೂ ಸುಳ್ಳು. ಇನ್ನೊಂದ್ಸಲ ಹೇಳಕ್ಕೆ ನನ್ನ ಕೈಲಾಗಲ್ಲ."

ಮಗು ಸೂಟ್‌ಕೇಸಿನ ಹಿಡಿಕೆಯನ್ನು ಮೇಲೆ ಕೆಳಗೆ ಎಳೆಯುತ್ತಿತ್ತು. ಇಲಾಖೆಯ ಹುಡುಗಿ ಏನೂ ಅರ್ಥವಾಗದೆ ಒಬ್ಬೊಬ್ಬರ ಮುಖ ನೋಡಿದಳು. ಮಿಸ್ ಅರ್ನೆಟಾ ಕನ್ನಡಕ ತೆಗೆದರು.

"ವಯಸ್ಸೆಷ್ಟು ಅಂದೆ ದೊಡ್ಡೋಳಿಗೆ?"

"ಇಪ್ಪತ್ನಾಲ್ಕು, ಮಿಸ್ ಅರ್ನೆಟಾ."

"ಹತ್ತು ದಾಟಿದೆ" ಎಂದರು ಮಿಸ್ ಅರ್ನೆಟಾ. "ಹತ್ತು ದಾಟಿದ ಮಕ್ಕಳಿಗೆ ನಮ್ಮಲ್ಲಿ ಜಾಗ ಇಲ್ಲ. ಅವಳು ಬರೋ ಹೊತ್ತಿಗೆ ನೀನೇ ಒಂದು ಮನೆ ನೋಡ್ಕೋಬೇಕಾಗುತ್ತೆ. ಈಗ ಚಿಕ್ಕೋಳನ್ನ ಒಳಗೆ ಕರ್ಕೊಂಡು ಹೋಗು, ಚಳಿ ಇದೆ."

ಕನ್ನಡಕ ಹಾಕಿಕೊಂಡು, ಮಗುವನ್ನು ಒಪ್ಪಿಸಿಕೊಂಡದ್ದಕ್ಕೆ ಎಲ್ಲಿ ಸಹಿ ಹಾಕಬೇಕು ಎಂದು ಇಲಾಖೆಯ ಹುಡುಗಿಯನ್ನು ಕೇಳಿದರು. ಡೆಲ್ಫೀನ್ ಮಗಳನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿದಳು. ಸೂಟ್‌ಕೇಸನ್ನು ನಾನು ತಂದೆ.